ಸಾಹುಕಾರರ ಮೋಟಾರಿನ ಮುಳ್ಳು, ದೀಪ, ಹಿಡಿಕೆ

ಮೋಟಾರು ಓಡಿಸುವವನಿಗೆ ನಗೆಯ ಪ್ರಸಂಗಗಳಿಗೆ ಬರವೇ ಇಲ್ಲ. ವಾರಕ್ಕೊಂದು ತಾನಾಗಿಯೇ ಬಂದು ಎದುರಿಗೆ ನಿಲ್ಲುತ್ತದೆ. ಆದರೆ ಆ ಹೊತ್ತಿಗೆ ನಗುವಂತಿಲ್ಲ, ನಗುವುದೇನಿದ್ದರೂ ಮನೆಗೆ ಬಂದ ಮೇಲೆ.

ನಲವತ್ತರ ದಶಕದಲ್ಲಿ ನಾನು ವಿಜಾಪುರದ ಒಬ್ಬ ಹತ್ತಿ ಸಾಹುಕಾರರಲ್ಲಿ ಡ್ರೈವರನಾಗಿದ್ದೆ. ಈಗ ಆ ಊರಿಗೆ ವಿಜಯಪುರ ಎನ್ನುತ್ತಾರೆ. ಸಿದ್ಧೇಶ್ವರ ಗುಡಿಯ ಹಿಂದೆ ಅವರ ಮನೆ. ಮೋಟಾರು ಬಹಳ ಸಣ್ಣದು, ನಾಲ್ಕು ಜನ ಕೂತರೆ ಐದನೆಯವರ ರುಮಾಲಿಗೂ ಜಾಗ ಉಳಿಯುತ್ತಿರಲಿಲ್ಲ. ಆದರೆ ಸ್ಟೇರಿಂಗಿನ ಮುಂದಿನ ಹಲಗೆಯ ಮೇಲೆ ಮುಳ್ಳುಗಳೆಷ್ಟು, ಗುಂಡಿಗಳೆಷ್ಟು, ಹಿಡಿಕೆಗಳೆಷ್ಟು! ಅದನ್ನು ನೋಡಿಯೇ ಸಾಹುಕಾರರಿಗೆ ಮೋಟಾರಿನ ಹುಚ್ಚು ಹಿಡಿದದ್ದು.

ನನ್ನನ್ನು ಕೆಲಸಕ್ಕಿಟ್ಟುಕೊಂಡ ದಿನವೇ ಕರಾರು ಹೇಳಿಬಿಟ್ಟರು: "ನೋಡಪಾ, ನಾ ಹೊಡಿಯಾಕ ಕಲಿಯೂತನಾ ಅಷ್ಟ ನಿನಗ ಕೆಲಸ. ನನಗ ಲೈಸನ್ಸ್ ಬಂತಂದ್ರ ನೀ ತಿಕೋಟಾಕ್ಕ ಹೋಗಿ ನಿಮ್ಮಪ್ಪನ ಟಾಂಗಾ ಹೊಡಿ. ಕಲಸಾಂವನೂ ನೀನ."

ಅಂದರೆ ನಾನು ಚೆನ್ನಾಗಿ ಕಲಿಸಿದಷ್ಟೂ ಬೇಗ ನನ್ನ ಅನ್ನ ಹೋಗುತ್ತದೆ. ನಮ್ಮಪ್ಪನ ಟಾಂಗಾದ ಕುದುರೆಗೆ ಆಗಲೇ ಮುಪ್ಪು, ಅದು ಅಪ್ಪನನ್ನು ಎಳೆಯುವುದೇ ಹೆಚ್ಚಾಗಿತ್ತು. ಮನೆಯಲ್ಲಿ ಹೆಂಡತಿ ಮೊದಲ ಬಸುರಿ. ನನಗೆ ನಿಜವಾಗಿ ಹೆದರಿಕೆಯಾಯಿತು. ಮನೆಗೆ ಬಂದು ವಿಷಯ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: "ಕಲಸ್ರಿ, ಅವರ ಅನ್ನ ತಿಂತೀವಿ, ಬ್ಯಾಡನ್ನಬಾರದು. ಆದ್ರ ಸಾವಕಾಶ ಕಲಸ್ರಿ."

ಮುಳ್ಳಿನ ಮೇಲೆ ಅಪನಂಬಿಕೆ

ಮೊದಲ ಪಾಠ ಪೆಟ್ರೋಲ್ ತೋರಿಸುವ ಮುಳ್ಳಿನದು. "ಮುಳ್ಳು ಈ ಕಡೆ ಬಿದ್ರ ಟಾಕಿ ಖಾಲಿ, ಆ ಕಡೆ ಹೋದ್ರ ತುಂಬೈತಿ ಅಂತ ತಿಳಕೋರ್ರಿ" ಎಂದೆ.

ಸಾಹುಕಾರರು ಗಾಜಿನ ಮೇಲೆ ಬೆರಳಿನಿಂದ ಕುಟ್ಟಿದರು. ಮುಳ್ಳು ಅಲುಗಿತು. ಅವರ ಹುಬ್ಬು ಮೇಲೇರಿತು. ಮೋಟಾರನ್ನು ಮನೆಯ ಮುಂದಿನ ಇಳಿಜಾರಿನಲ್ಲಿ ಮೇಲಕ್ಕೆ ಮುಖಮಾಡಿ ನಿಲ್ಲಿಸಲು ಹೇಳಿದರು, ಮುಳ್ಳು ನೋಡಿದರು. ಕೆಳಕ್ಕೆ ಮುಖಮಾಡಿ ನಿಲ್ಲಿಸಲು ಹೇಳಿದರು, ಮತ್ತೆ ನೋಡಿದರು. ಎರಡೂ ಸಲ ಬೇರೆ ಬೇರೆ.

"ಮೂವತ್ತ ವರ್ಷ ತಕ್ಕಡಿ ಮುಂದ ಕುಂತೇನಿ" ಎಂದರು. "ಕುಂತ ಜಾಗಾ ನೋಡಿ ಮಾತ ಬದಲಸೂ ಮುಳ್ಳನ್ನ ನಂಬೂದಿಲ್ಲ."

ಅಂದಿನಿಂದ ಹಿತ್ತಲಲ್ಲಿ ಒಣಗಿಸಿಟ್ಟ ಹತ್ತಿಕಟ್ಟಿಗೆಯೊಂದನ್ನು ತಂದು ಟಾಕಿಯಲ್ಲಿ ಅದ್ದಿ ತೆಗೆದು, ಎಷ್ಟು ತೊಯ್ದಿದೆಯೋ ಅಷ್ಟೇ ಪೆಟ್ರೋಲು ಎಂದು ಲೆಕ್ಕ. ಒಂದು ದಿನ ಅರಕೇರಿಯಿಂದ ಬರುವಾಗ ಮೋಟಾರು ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಟಾಕಿಯಲ್ಲಿ ಪೆಟ್ರೋಲಿದೆ, ಇಂಜಿನ್ನಿಗೆ ಬರುತ್ತಿಲ್ಲ. ಬಿಸಿಲಿನಲ್ಲಿ ಕೂತು ನಳಿಗೆ ಬಿಚ್ಚಿ, ಬಾಯಿ ಹಚ್ಚಿ ಊದಿದೆ. ಒಳಗಿನಿಂದ ಪುಸಕ್ಕನೆ ಒಂದು ಹತ್ತಿಯ ಎಳೆ ಹೊರಬಂತು. ಕಟ್ಟಿಗೆಯ ತುದಿಗೆ ಅಂಟಿಕೊಂಡಿದ್ದ ಅರಳೆ ಟಾಕಿಯೊಳಗೆ ಉಳಿದು ನಳಿಗೆಗೆ ಇಳಿದಿತ್ತು.

ಬಾಯಿ ತುಂಬ ಪೆಟ್ರೋಲಿನ ರುಚಿ. ಸಿಟ್ಟಿನಿಂದ ಆ ಎಳೆಯನ್ನು ಪಕ್ಕದಲ್ಲಿ ನಿಂತಿದ್ದ ಸಾಹುಕಾರರ ಅಂಗೈ ಮೇಲಿಟ್ಟೆ. ತಪ್ಪಾಯಿತು ಎನ್ನುತ್ತಾರೇನೋ ಎಂದು ಕಾದೆ. ಅವರು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು, ಬೆಳಕಿಗೆ ಹಿಡಿದರು, ತಲೆದೂಗಿದರು.

"ಛಲೋ ಮಾಲ ಐತಿ. ಎಳಿ ಉದ್ದ ಐತಿ ನೋಡು."

ಕೆಂಪು ದೀಪ

ಸಾಹುಕಾರರ ತಾಯಿಗೆ ಮನೆಯವರೆಲ್ಲ ಅವ್ವಾರ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಮೋಟಾರಿನ ಹಲಗೆಯಲ್ಲಿ ಒಂದು ಪುಟ್ಟ ಕೆಂಪು ದೀಪವಿತ್ತು. ಚಾವಿ ತಿರುಗಿಸಿದರೆ ಅದು ಹತ್ತಬೇಕು. ಇಂಜಿನ್ನು ಓಡಿ ಕರೆಂಟು ತಯಾರಾಗತೊಡಗಿದರೆ ಆರಬೇಕು. ಆರಿದರೆ ಎಲ್ಲ ಸರಿಯಾಗಿದೆ ಎಂದು ಅರ್ಥ.

ಅವ್ವಾರು ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತರು. ತಿಕೋಟಾಕ್ಕೆ ಬಳಗದವರ ಮನೆಗೆ ಹೋಗುವುದಿತ್ತು. ಚಾವಿ ತಿರುಗಿಸಿದೆ, ದೀಪ ಹತ್ತಿತು, ಅವ್ವಾರು ಕೈಮುಗಿದರು. ಇಂಜಿನ್ನು ಶುರುವಾಯಿತು, ದೀಪ ಆರಿತು.

"ತಮ್ಮಾ, ನಿಂದ್ರಸು" ಎಂದರು. "ಹೊಂಡೂ ಹೊತ್ತಿನ್ಯಾಗ ದೀಪ ಆರಿತು. ನಾ ಬರೂದಿಲ್ಲ."

ಇಳಿದು ಒಳಗೆ ಹೋಗಿ, ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಮತ್ತೆ ಬಂದರು. ಮತ್ತೆ ದೀಪ ಹತ್ತಿತು, ಮತ್ತೆ ಆರಿತು. ನಾಲ್ಕನೆಯ ಸಲ ನೀರು ಕುಡಿಯಲು ಹೋದಾಗ ನನಗೆ ಉಪಾಯ ಹೊಳೆಯಿತು. ಅವ್ವಾರು ಬರುವ ಮೊದಲೇ ಇಂಜಿನ್ನು ಶುರು ಮಾಡಿ ಇಟ್ಟೆ. ದೀಪ ಹತ್ತುವುದೂ ಕಾಣಲಿಲ್ಲ, ಆರುವುದೂ ಕಾಣಲಿಲ್ಲ. ಹೊರಟೆವು.

ತಿಕೋಟಾ ಇನ್ನೂ ದೂರವಿರುವಾಗ ಫ್ಯಾನಿನ ಪಟ್ಟಾ ಹರಿಯಿತು. ಕರೆಂಟು ತಯಾರಾಗುವುದು ನಿಂತು ಕೆಂಪು ದೀಪ ಝಗ್ಗನೆ ಹತ್ತಿಕೊಂಡಿತು. ಇಂಜಿನ್ನು ಕಾದು ಸುಟ್ಟೀತೆಂದು ಗಾಡಿಯನ್ನು ಬದಿಗೆ ಸರಿಸಿದೆ. ಅವ್ವಾರು ನನ್ನ ತೋಳು ಹಿಡಿದರು.

"ಯಾಕ ನಿಂದ್ರಸ್ತೀಯೋ ತಮ್ಮಾ? ಈಗರ ಶುಭ ಆಗೇತಿ, ಹೊಡಿ!"

ಮೂರು ಗೆರೆಗಳು

ಅಮಾವಾಸ್ಯೆಗೆ ಮೋಟಾರಿಗೆ ಪೂಜೆ. ಕಾಯಿ ಒಡೆಯುವುದು, ಗಾಲಿಗೆ ಲಿಂಬೆಹಣ್ಣು ಇಡುವುದು ನನ್ನ ಪಾಲು. ಒಳಗಿನ ಹಲಗೆ ಅವ್ವಾರ ಪಾಲು. ಒಮ್ಮೆ ಅವರು ಹೂವಿನ ಮಾಲೆಯನ್ನು ಚೋಕಿನ ಗುಂಡಿಗೆ ತೂಗುಹಾಕಿದರು. ತಣ್ಣಗಿರುವ ಇಂಜಿನ್ನಿಗೆ ಪೆಟ್ರೋಲು ಹೆಚ್ಚು ಕುಡಿಸಲು ಎಳೆಯುವ ಗುಂಡಿ ಅದು. ಮಾಲೆಯ ಭಾರಕ್ಕೆ ಅದು ಹೊರಗೇ ಉಳಿದು, ಮೋಟಾರು ಪೇಟೆಯುದ್ದಕ್ಕೂ ಕರಿ ಹೊಗೆ ಬಿಡುತ್ತ ಹೋಯಿತು. ಅವ್ವಾರು ಅದನ್ನು ಧೂಪ ಎಂದುಕೊಂಡಿದ್ದರು.

ಅದಾದರೂ ಪರವಾಗಿಲ್ಲ. ವೇಗ ತೋರಿಸುವ ದುಂಡನೆಯ ಗಾಜಿನ ಮೇಲೆ ಅಡ್ಡಕ್ಕೆ ಮೂರು ಬೆರಳಿನ ವಿಭೂತಿ ಎಳೆದುಬಿಟ್ಟರು. ಅಂಕಿಗಳೆಲ್ಲ ಮುಚ್ಚಿಹೋದವು. ಒರೆಸಲು ನನಗೆ ಧೈರ್ಯವಿಲ್ಲ.

"ಅವ್ವಾರ, ಎಷ್ಟ ಜೋರ ಹೊಂಟೀವಿ ಅಂತ ನನಗ ಹೆಂಗ ತಿಳೀಬೇಕ್ರಿ?" ಎಂದೆ.

"ಅದರಾಗೇನೈತೋ? ಮುಳ್ಳಿನ ತುದಿ ನೋಡು" ಎಂದರು. "ಊರಾಗ ಇದ್ದಾಗ ಕೆಳಗಿನ ಗೆರಿ. ಊರ ದಾಟಿದ ಮ್ಯಾಲೆ ನಡುವಿನ ಗೆರಿ. ಮ್ಯಾಲಿನ ಗೆರಿ ಶಿವಂದು. ಅಲ್ಲಿಗೆ ನೀ ಹೋಗಬ್ಯಾಡ."

ನಾನು ಎಷ್ಟೋ ವರ್ಷ ಗಾಡಿ ಓಡಿಸಿದೆ, ಇಷ್ಟು ಚೊಕ್ಕವಾದ ಕಾನೂನನ್ನು ಯಾವ ಸರಕಾರವೂ ಮಾಡಲಿಲ್ಲ. ಮರುದಿನ ಸಾಹುಕಾರರಿಗೆ ಬಬಲೇಶ್ವರದ ಸಂತೆಗೆ ಹೊತ್ತಾಗಿತ್ತು. ಮುಳ್ಳು ನಡುವಿನ ಗೆರೆಯಲ್ಲಿತ್ತು. "ಜೋರ ಹೊಡಿಯೋ" ಎಂದರು. "ಮ್ಯಾಲಿನ ಗೆರಿಗೆ ಹೋಗೂಣೇನ್ರಿ?" ಎಂದು ಕೇಳಿದೆ. ಅವರು ಒಮ್ಮೆ ವಿಭೂತಿಯನ್ನು ನೋಡಿದರು, ಒಮ್ಮೆ ರಸ್ತೆಯನ್ನು ನೋಡಿದರು.

"ಬ್ಯಾಡ ಬಿಡು. ಅಲ್ಲಿಗೆ ಹೋಗಾಕ ನನಗ ಇನ್ನೂ ಟೈಮ ಐತಿ."

ಬೀಗರ ಹಿಡಿಕೆ

ಯುದ್ಧ ಜೋರಾಯಿತು, ಪೆಟ್ರೋಲಿಗೆ ಕೂಪನ್ನು ಬಂತು. ಎಲ್ಲರಂತೆ ನಾವೂ ಮೋಟಾರಿನ ಹಿಂದೆ ಇದ್ದಲಿಯ ಒಲೆ ಕಟ್ಟಿಸಿದೆವು. ಆ ಒಲೆಯ ಗ್ಯಾಸಿನಿಂದ ಇಂಜಿನ್ನು ಓಡುತ್ತಿತ್ತು. ಹಲಗೆಯ ಕೆಳಗೆ ಹೊಸದಾಗಿ ಒಂದು ಹಿಡಿಕೆ: ಎಡಕ್ಕೆ ತಳ್ಳಿದರೆ ಪೆಟ್ರೋಲು, ಬಲಕ್ಕೆ ತಳ್ಳಿದರೆ ಇದ್ದಲಿ. ಪೆಟ್ರೋಲಿನಲ್ಲಿ ಮೋಟಾರಿಗೆ ಹುರುಪು. ಇದ್ದಲಿಯಲ್ಲಿ ದಿಬ್ಬ ಬಂತೆಂದರೆ ಕೂತವರು ಇಳಿದು ನಡೆಯಬೇಕು.

ಸಾಹುಕಾರರ ಕಟ್ಟಪ್ಪಣೆ ಹೀಗಿತ್ತು: ಅವರ ಮಗಳನ್ನು ಮಾಡಿಕೊಂಡ ಬೀಗರು ಬಂದರೆ ಪೆಟ್ರೋಲು, ಅವರ ಮಗನಿಗೆ ಹೆಣ್ಣು ಕೊಟ್ಟ ಬೀಗರು ಬಂದರೆ ಇದ್ದಲಿ. ಗಂಡಿನವರ ಗತ್ತು ಬೇರೆ, ಹೆಣ್ಣಿನವರ ಸೈರಣೆ ಬೇರೆ. ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವರ ಎಣಿಕೆ.

ಒಮ್ಮೆ ಎರಡೂ ಕಡೆಯ ಬೀಗಿತಿಯರು ಒಂದೇ ಕಾರ್ಯಕ್ಕೆ ಬಂದರು. ಇಬ್ಬರನ್ನೂ ಒಟ್ಟಿಗೆ ತಿಕೋಟಾಕ್ಕೆ ಬಿಟ್ಟುಬರಬೇಕು. ಗಂಡಿನ ಬೀಗಿತಿ ಮುಂದೆ, ಹೆಣ್ಣಿನ ಬೀಗಿತಿ ಹಿಂದೆ. ಪೆಟ್ರೋಲು ಟಾಕಿಯ ತಳ ಕಂಡಿತ್ತು. ಬೇರೆ ದಾರಿಯಿಲ್ಲದೆ ನಾನು ಹಿಡಿಕೆಯನ್ನು ಮೆಲ್ಲಗೆ ಬಲಕ್ಕೆ ತಳ್ಳಿದೆ.

ದಿಬ್ಬದ ಬುಡದಲ್ಲಿ ಮೋಟಾರು ನಿಂತಿತು. "ಸ್ವಲ್ಪ ಇಳೀಬೇಕಾಗತೈತ್ರಿ" ಎಂದು ತಲೆ ತಗ್ಗಿಸಿ ಹೇಳಿದೆ. ಗಂಡಿನ ಬೀಗಿತಿ ಇಂಥ ಮಾತನ್ನು ಜನ್ಮದಲ್ಲಿ ಕೇಳಿರಲಿಲ್ಲ. "ಇಳೀಬೇಕಽ? ಈ ಮೋಟಾರ ಯಾವತ್ತೂ ನಿಂತಿದ್ದಿಲ್ಲ" ಎಂದರು.

ಹೆಣ್ಣಿನ ಬೀಗಿತಿ ಆಗಲೇ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗು ಸಿಕ್ಕಿಸಿ ತಯಾರಾಗಿದ್ದರು.

"ನಿಮಗ ನಿಂತಿರಾಕಿಲ್ರಿ, ನಮಗ ಇಲ್ಲೇ ನಿಂದರತೈತಿ. ನಾ ಹತ್ತಿದ ಕೂಡ್ಲೆ ಮೊದಲ ಆ ಹಿಡಿಕಿ ನೋಡತೇನಿ. ಬರ್ರಿ, ಇವತ್ತ ನೀವೂ ನಾವೂ ಸರಿ ಆದಿವಿ."

ಕೈ ತೋರಿಸುವ ಮೋಟಾರು

ತಿರುಗುವಾಗ ಮೋಟಾರಿನ ಪಕ್ಕದಿಂದ ಗೇಣುದ್ದದ ಒಂದು ಕೆಂಪು ಕೈ ಹೊರಬರುತ್ತಿತ್ತು. ಹಲಗೆಯ ಗುಂಡಿ ಒತ್ತಿದರೆ ಎಡದ್ದೋ ಬಲದ್ದೋ ಏಳುತ್ತದೆ; ತಿರುಗಿದ ಮೇಲೆ ನೆನಪಿಟ್ಟು ಇಳಿಸಬೇಕು. ಸಾಹುಕಾರರು ಪಕ್ಕದಲ್ಲಿ ಕೂತು ಗುಂಡಿ ಕಲಿಯುವಾಗ ಎಡದ್ದನ್ನು ಇಳಿಸಲು ಮರೆತರು, ಬಬಲೇಶ್ವರದ ಕಡೆಗೆ ಒಂದು ಹರದಾರಿ ಹಾಗೆಯೇ ಹೋದೆವು. ದಾರಿಯಲ್ಲಿ ಹೊಲದವರೆಲ್ಲ ಕೆಲಸ ಬಿಟ್ಟು ಎಡಗಡೆಗೆ ನೋಡುತ್ತಿದ್ದರು. ಬರುವಾಗ ನಿಂತು ಕೇಳಿದರೆ ಒಬ್ಬ ಮುದುಕ ಹೇಳಿದ: "ಅಷ್ಟು ದೊಡ್ಡ ಮನಷ್ಯಾರು ತೋರಸ್ಕೋತ ಹೊಂಟಾರಂದ್ರ ಅಲ್ಲಿ ಏನರೇ ಇರಬೇಕಲ್ರಿ. ಮುಂಜಾನಿಂದ ಹುಡಕಾಕತ್ತೀವಿ."

ಪರೀಕ್ಷೆ

ಎಷ್ಟು ಸಾವಕಾಶ ಕಲಿಸಿದರೂ ಕಲಿಯುವವರು ಕಲಿತೇಬಿಡುತ್ತಾರೆ. ಇಟ್ಟಂಗಿಹಾಳದ ಬಯಲಿನಲ್ಲಿ, ನರಪಿಳ್ಳೆ ಸುಳಿಯದ ಜಾಗದಲ್ಲಿ, ಸಾಹುಕಾರರು ಗೇರು ಹಾಕುವುದು, ಬ್ರೇಕು ಒತ್ತುವುದು, ಹಿಂದಕ್ಕೆ ತೆಗೆಯುವುದು ಎಲ್ಲ ಕಲಿತರು. ಯುದ್ಧ ಮುಗಿದು ಇದ್ದಲಿಯ ಒಲೆ ಕಳಚಿದ ವರ್ಷ ಲೈಸನ್ಸಿಗೆ ಅರ್ಜಿ ಹಾಕಿದರು. ನನಗೆ ಆಗ ಇಬ್ಬರು ಹೆಣ್ಣುಮಕ್ಕಳು. ಅಪ್ಪನ ಕುದುರೆ ಸತ್ತು ಟಾಂಗಾ ಮೂಲೆ ಸೇರಿತ್ತು. ಪರೀಕ್ಷೆಯ ದಿನ ಬಂತು. ಸಾಹುಕಾರರು ಪಾಸಾಗಲಿ ಎಂದು ಕಲಿಸಿದ ನನ್ನ ಮನಸ್ಸು ಬೇಡುತ್ತಿತ್ತು, ನಪಾಸಾಗಲಿ ಎಂದು ಹೊಟ್ಟೆ ಬೇಡುತ್ತಿತ್ತು.

ಪರೀಕ್ಷೆಯ ಸಾಹೇಬರು ಸಾಹುಕಾರರ ಪಕ್ಕದಲ್ಲಿ ಕೂತರು, ನಾನು ಹಿಂದೆ. ಸಾಹೇಬರು ಒಂದೊಂದೇ ಮುಳ್ಳು, ಒಂದೊಂದೇ ಗುಂಡಿ ತೋರಿಸಿ ಕೇಳಿದರು. ಸಾಹುಕಾರರು ತಡವರಿಸದೆ ಹೇಳಿದರು. ನನಗೆ ಹೆಮ್ಮೆಯಾಯಿತು, ಕಣ್ಣಲ್ಲಿ ನೀರೂ ಬಂತು. "ಹೊಡೀರಿ, ಗುಡಿ ಮುಂದಿಂದ ಹೋಗಿ ಬರೂಣು" ಎಂದರು ಸಾಹೇಬರು.

ಗುಡಿಯ ಓಣಿಗೆ ತಿರುಗುತ್ತಲೇ ಒಬ್ಬ ರೈತ ಎದುರಿಗೆ ಬಂದ. "ಶರಣ್ರೀ ಸಾಹುಕಾರ್ರ" ಎಂದ. ಸಾಹುಕಾರರು ಸ್ಟೇರಿಂಗು ಬಿಟ್ಟು ಎರಡೂ ಕೈ ಎತ್ತಿ ಮುಗಿದು "ಶರಣು, ಶರಣು" ಎಂದರು.

ಮೋಟಾರು ಬಳೆ ಅಂಗಡಿಯ ಕಡೆ ಹೊರಟಿತು. ಸಾಹೇಬರು ಧಡಕ್ಕನೆ ಬಾಗಿ ಸ್ಟೇರಿಂಗು ಹಿಡಿದರು. ಸಾಹುಕಾರರು ಮತ್ತೆ ಹಿಡಿದುಕೊಂಡರು, ಅಷ್ಟರಲ್ಲಿ ಇನ್ನೊಬ್ಬ. "ಶರಣ್ರೀ." ಎರಡೂ ಕೈ ಮೇಲೆ. ಊರಿನಲ್ಲಿ ಅವರಿಗೆ ಹತ್ತಿ ಹಾಕದವನೇ ಇರಲಿಲ್ಲ, ಅಂದು ಎಲ್ಲರೂ ಅದೇ ಓಣಿಯಲ್ಲಿದ್ದರು. ಬಯಲಿನಲ್ಲಿ ಕಲಿಸುವಾಗ ಈ ಸಂಗತಿ ನನಗೆ ಹೊಳೆದೇ ಇರಲಿಲ್ಲ. ಅಲ್ಲಿ ಶರಣು ಮಾಡಲು ಜನರೆಲ್ಲಿದ್ದರು? ನಡುವೆ ನಮ್ಮ ಮುಸಲ್ಮಾನ ಮಂದಿ ಯಾರಾದರೂ ಸಲಾಂ ಹೇಳಿದರೆ ಮಾತ್ರ ನಾನು ಉಸಿರು ಬಿಡುತ್ತಿದ್ದೆ, ಸಲಾಮಿಗೆ ಒಂದೇ ಕೈ ಸಾಕು.

ಮನೆ ಮುಟ್ಟಿದಾಗ ಸಾಹೇಬರ ಅಂಗಿ ಬೆವರಿನಿಂದ ತೊಯ್ದಿತ್ತು.

"ಸಾಹುಕಾರ್ರ, ಅರ್ಧಾ ದಾರಿ ಗಾಡಿ ಹೊಡದಾಂವ ನಾನು" ಎಂದರು. "ಬಾಕಿ ಎಲ್ಲಾ ಬರಾಬರಿ ಐತಿ. ಇನ್ನ ಮ್ಯಾಲೆ ಒಂದ ಕೈಲೆ ಶರಣು ಮಾಡತೇನಿ ಅಂತ ಮಾತ ಕೊಡ್ರಿ, ಈಗಿಂದೀಗ ಲೈಸನ್ಸಿಗೆ ಸಹಿ ಹಾಕತೇನಿ."

ಸಾಹುಕಾರರು ಸ್ಟೇರಿಂಗನ್ನು ಒಮ್ಮೆ ಸವರಿದರು. ಅವರು ಬಾಗಿಲು ತೆರೆದು ಇಳಿದರು.

"ಬಿಸಲಾಗ ನಡಕೊಂಡ ಬಂದಾಂವ ಎರಡ ಕೈ ಎತ್ತತಾನು. ಮೋಟಾರಾಗ ಕುಂತ ನಾ ಒಂದ ಕೈ ಎತ್ತಲೇನ್ರಿ? ನಿಮ್ಮ ಲೈಸನ್ಸ ನೀವ ಇಟ್ಟಕೋರ್ರಿ." ನನ್ನ ಕಡೆ ತಿರುಗಿ ಹೇಳಿದರು: "ಬಾರಲೇ ಮುಂದ. ನೀ ಗಾಡಿ ಹೊಡಿ, ನಾ ಶರಣು ಮಾಡತೇನಿ."

ಮರುದಿನ ನಾನು ಸ್ಟೇರಿಂಗು ಹಿಡಿದು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಓಣಿಯಲ್ಲಿ ಹೊರಟೆ. ಪರೀಕ್ಷೆಯ ಕಥೆ ಊರಿಗೆಲ್ಲ ಮುಟ್ಟಿತ್ತು. ಬಬಲೇಶ್ವರದ ಒಬ್ಬ ರೈತ ನಗುತ್ತ ನಿಂತು, ನೇರವಾಗಿ ನನ್ನ ಮುಖ ನೋಡಿ, "ಶರಣ್ರೀ ಡ್ರಾಯವರ್ರ" ಎಂದು ಎರಡೂ ಕೈ ಎತ್ತಿದ. ಹುಟ್ಟಿದಾಗಿನಿಂದ ನನಗೆ ಯಾರೂ ಹಾಗೆ ಕೈ ಮುಗಿದಿರಲಿಲ್ಲ. ಸಲಾಮು ಮರೆತೇಹೋಯಿತು, ನನಗೆ ಗೊತ್ತಾಗುವ ಮೊದಲೇ ನನ್ನ ಎರಡೂ ಕೈ ಮೇಲಕ್ಕೆದ್ದವು.

ಸಾಹುಕಾರರು ಧಡಕ್ಕನೆ ಬಾಗಿ ಸ್ಟೇರಿಂಗು ಹಿಡಿದರು.

"ಹಿಡಿಯೋ ಪುಣ್ಯಾತ್ಮಾ! ನಿನ್ನ ಪಾಲಿನ ಶರಣೂ ನಾನ ಮಾಡತೇನಿ."