ಮಾವನವರ ಹಾರ್ಮೋನಿಯಂ ಮತ್ತು ನನ್ನ ಸಹನಾಶಕ್ತಿ

ನಮ್ಮ ಮಾವನವರು ಮರುಳಪ್ಪನವರು ದೇವರಂಥ ಮನುಷ್ಯರು. ದೇವರ ಹಾಗೆಯೇ ಸ್ವಲ್ಪ ದೂರದಲ್ಲಿದ್ದರೆ ಇನ್ನೂ ಚೆಂದ. ನಿವೃತ್ತಿಯಾದ ಮೇಲೆ ಹಾರ್ಮೋನಿಯಂ ಕಲಿಯಲು ಕೂತಿದ್ದಾರೆ. ಸರಿಗಮದಲ್ಲಿ 'ಗ' ಇನ್ನೂ ಕೈಗೆ ಸಿಕ್ಕಿಲ್ಲ. ಬಿಳಿಚೋಡಿನಲ್ಲಿರುವ ಅವರ ಮನೆಗೆ ಹೊಸ ಛಾವಣಿ ಹಾಕಿಸುವ ತನಕ ಇಬ್ಬರು ಅಳಿಯಂದಿರಲ್ಲಿ ಒಬ್ಬರ ಮನೆಯಲ್ಲಿರಬೇಕು. ಒಬ್ಬ ನಾನು, ಚನ್ನಗಿರಿಯವನು. ಇನ್ನೊಬ್ಬ ನನ್ನ ಷಡ್ಡಕ, ಹೊನ್ನಾಳಿಯ ಗುರುಬಸವರಾಜ್. "ಆ ಭಾಗ್ಯ ನಿಮಗೇ ಇರ್ಲಿ", "ಛೇ, ನೀವೇ ಇಟ್ಕಳ್ರಿ" ಎಂದು ಫೋನಿನಲ್ಲಿ ನಮ್ಮ ಔದಾರ್ಯ ಉಕ್ಕಿ ಹರಿಯುತ್ತಿತ್ತು.

ಅಷ್ಟರಲ್ಲಿ ಮನಃಶಾಸ್ತ್ರ ಓದುತ್ತಿರುವ ನನ್ನ ಮಗಳು ಮೇಘಶ್ರೀ, ಮಾನಸಿಕ ಸಂಕಟವನ್ನು ಯಾರು ಎಷ್ಟು ತಾಳಬಲ್ಲರು ಎಂದು ಅಳೆಯುವ ಪರೀಕ್ಷೆಯೊಂದನ್ನು ಮನೆಗೆ ತಂದಳು. ಕಾಗದದ ಮೇಲೊಂದು ನಕ್ಷತ್ರ. ಕೈ ಕಾಣದಂತೆ ರಟ್ಟಿನ ಮರೆ. ಎದುರಿನ ಕನ್ನಡಿಯಲ್ಲಿ ನೋಡುತ್ತಲೇ ಆ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಮೇಲಕ್ಕೆಂದರೆ ಅದು ಕೆಳಕ್ಕೆ ಹೋಗುತ್ತದೆ. ಗೆರೆ ತಪ್ಪಿದರೆ ಮಗಳು ದೇವರಮನೆಯ ಗಂಟೆ ಬಾರಿಸುತ್ತಾಳೆ. ತಡೆಯಲಾಗದಿದ್ದರೆ "ಸಾಕು" ಎಂದು ಎದ್ದುಬಿಡಬಹುದು.

ಭಲೇ ಎನಿಸಿತು! ಅಳಿಯಂದಿರಿಬ್ಬರೂ ಕೂರೋಣ, ಹೆಚ್ಚು ಹೊತ್ತು ತಾಳಿದವನ ಮನೆಗೆ ಮಾವ ಎಂದೆ. ಎಲ್ಲರೂ ಒಪ್ಪಿದರು. (ಮಾವನವರನ್ನು ಕೇಳಲಿಲ್ಲ; ಕೇಳುವ ಎದೆ ಯಾರಿಗಿದೆ? ಇನ್ನು ನನ್ನ ಯೋಜನೆ, ನಿಮಗೆ ಮಾತ್ರ ಹೇಳುತ್ತೇನೆ: ಪೆನ್ಸಿಲ್ ಮುಟ್ಟುತ್ತಲೇ "ಸಾಕು" ಅನ್ನುವುದು.)

ಭಾನುವಾರ ಗುರುಬಸವರಾಜ್ ನಮ್ಮ ಮನೆಗೆ ಬಂದು ಮೊದಲು ಕೂತ. ಗಂಟೆ ಒಂದು ಸಲ ಬಾರಿಸಿದ್ದೇ ತಡ, "ಸಾಕವ್ವಾ, ನನ್ ಕೈಲಾಗಲ್ಲ" ಎಂದು ಕೈಮುಗಿದು ಎದ್ದ. ಕಳ್ಳ!

ನನ್ನ ಸರದಿ ಬಂತು. ಮಗಳು ಗಂಟೆ ಬಾರಿಸುವ ಮೊದಲೇ "ಸಾಕು" ಎನ್ನಲು ಬಾಯಿ ತೆರೆದೆ. ಷಡ್ಡಕ ನಕ್ಕ.

"ಅಣ್ಣಾರು ಬ್ಯಾಡ ಬಿಡ್ರಿ. ವಯಸ್ಸಾತು. ಇದು ಬುದ್ಧಿ ಚುರುಕಿರೋರ ಕೆಲ್ಸ."

"ಇವರ ಕೈಲಿ ಏನಾಗ್ತೈತೆ?" ಎಂದಳು ನನ್ನ ಹೆಂಡತಿ ಕಲ್ಲಮ್ಮ. "ಸಿಲಿಂಡರ್ ಕೂರ್ಸಾಕೂ ಪಕ್ಕದ್ಮನೆ ಹಾಲೇಶಪ್ಪನೇ ಬರ್ಬೇಕು."

ನನಗೆ ಉರಿದುಹೋಯಿತು. "ಏನಂತ ತಿಳ್ಕಂಡೀರಿ? ಇದನ್ನ ಮುಗಿಸ್ದೆ ಎದ್ರೆ ನಾನು ಷಣ್ಮುಖಪ್ಪನೇ ಅಲ್ಲ!"

ಗಂಟೆ ಬಾರಿಸಿತು. ಬಾರಿಸುತ್ತಲೇ ಇತ್ತು. ಯಾವ ಪೂಜೆ ಎಂದು ಹಾಲೇಶಪ್ಪ ಬಂದು ಇಣುಕಿ, ಕೈಮುಗಿದು ಹೋದ. ಉಪ್ಪಿಟ್ಟು ಆರಿತು, ಊಟದ ಹೊತ್ತೂ ಮೀರಿತು. ನಾನು ಸ್ವಲ್ಪ ನಿಧಾನಿಸಿದರೆ ಸಾಕು, ಷಡ್ಡಕ "ಆಗಲ್ಲ ಬಿಡ್ರಿ" ಎನ್ನುತ್ತಿದ್ದ. ಕೊನೆಗೂ ನಕ್ಷತ್ರದ ತುದಿಗೆ ತುದಿ ಕೂಡಿಸಿ, "ನೋಡ್ರೋ!" ಎಂದು ಎದ್ದು ನಿಂತೆ.

ಗುರುಬಸವರಾಜ್ ನನ್ನ ಕಾಲಿಗೇ ಬಿದ್ದ. "ಅಣ್ಣಾರ ತಾಳ್ಮೆ ಮುಂದೆ ನಾವ್ಯಾವ ಲೆಕ್ಕ!" ನನ್ನೆದೆ ಉಬ್ಬಿತು. ಆಶೀರ್ವಾದವನ್ನೂ ಮಾಡಿದೆ.

ಒಳಗೆ ಕಲ್ಲಮ್ಮ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಅಪ್ಪಾಜಿ, ನಮ್ಮನೇಗೇ ಬರ್ರಿ. ನಿಮ್ಮನ್ನ ಇಟ್ಕಳಾಕೆ ನಿಮ್ಮ ದೊಡ್ಡಳಿಯಂದ್ರು ಊಟ ಬಿಟ್ಟು ಹಟ ಹಿಡಿದು ಗೆದ್ದಾರೆ."

ಫೋನಿನ ಸ್ಪೀಕರಿನಲ್ಲಿ ಮಾವನವರ ದನಿ ಮೊಳಗಿತು. "ಊಟ ಬಿಟ್ರಾ? ನನಗೋಸ್ಕರ? ಹಂಗಾರೆ ಛಾವಣಿಗೇನು ಅವಸರ ಐತವ್ವಾ? ಮುಂದಿನ ವರ್ಷ ನೋಡಿದ್ರಾತು. ತಬಲಾನೂ ತರ್ತೀನಿ, ಅಳಿಯಂದ್ರೇ ಬಾರಿಸ್ಲಿ!"