ಹೇಳಿದ ದಿನವೇ ಬಂದ ಗಿಡದ ವ್ಯಾಪಾರಿಯ ಮೇಲೊಂದು ದೂರು

ದಹಿಸರ್ ಪೂರ್ವದ ನರ್ಸರಿಯ ಮಾಲೀಕರೂ, ಸತ್ಯವಲ್ಲದೆ ಬೇರೇನೂ ಆಡಲು ಬಾರದವರೂ ಆದ ಮಾನ್ಯ ನೀಲಕಂಠಪ್ಪನವರೇ,

ತಮಗೂ ತಮ್ಮ ಗಿಡಗಳಿಗೂ, ವಿಶೇಷವಾಗಿ ಅವುಗಳಲ್ಲಿ ಒಂದಕ್ಕೆ, ನನ್ನ ನಮಸ್ಕಾರಗಳು. ಈ ಪತ್ರವನ್ನು ತಮ್ಮ ಕೈಗೆ ಕೊಡದೆ ಕನ್ನಡ ಸಂಘದ ಗೋಡೆ ಪತ್ರಿಕೆಯಲ್ಲಿ ಹಚ್ಚಿಸುತ್ತಿರುವುದಕ್ಕೆ ಕ್ಷಮೆಯಿರಲಿ. ನಾನೇ ನರ್ಸರಿಗೆ ಬಂದು ಕೊಟ್ಟರೆ ಅದು ತಿರುಗಿ ಬಂದಂತಾಗುತ್ತದೆ, ಮತ್ತು ತಮ್ಮ ಬಾಗಿಲಿಗೆ ಒಮ್ಮೆ ತಿರುಗಿ ಬಂದದ್ದೇ ನನಗೆ ಈ ಜನ್ಮಕ್ಕೆ ಸಾಕಾಗಿದೆ.

ಗೋಡೆಯ ಮುಂದೆ ನಿಂತು ಓದುವವರಿಗೂ ತಿಳಿಯಲೆಂದು ಮೊದಲಿನಿಂದ ಹೇಳುತ್ತೇನೆ. ನಮ್ಮ ಬಿಲ್ಡಿಂಗಿನಲ್ಲಿ ಹಬ್ಬಗಳ ಜವಾಬ್ದಾರಿಯನ್ನು ಚೀಟಿ ಎತ್ತಿ ಮನೆಗಳಿಗೆ ಹಂಚುತ್ತಾರೆ. ಕಳೆದ ವರ್ಷ ಗಣಪತಿಯ ಚೀಟಿ ಮೂರನೆಯ ಮಹಡಿಯ ಲೋಬೋ ಬಾಯಿಗೆ ಬಂದಿತು, ಕ್ರಿಸ್‌ಮಸ್ಸಿನ ಚೀಟಿ ನನಗೆ. ಆಕೆ ಮಾಡಿದ ಮೋದಕಗಳ ಮಡಿಕೆಗಳನ್ನು ನಾನು ಕನ್ನಡಕ ಹಾಕಿಕೊಂಡು ಪರೀಕ್ಷಿಸಿದ್ದೆ. ಒಂದು ಮಡಿಕೆಯೂ ತಪ್ಪಿರಲಿಲ್ಲ. ಇಂಥ ಹೆಂಗಸಿನೆದುರು ಡಿಸೆಂಬರಿನಲ್ಲಿ ಪ್ಲಾಸ್ಟಿಕ್ ಮರ ನಿಲ್ಲಿಸಿ ಮಾನ ಕಳೆದುಕೊಳ್ಳುವ ಹಾಗಿರಲಿಲ್ಲ. ಕುಂಡದಲ್ಲಿ ಬೆಳೆದ ನಿಜವಾದ ಗಿಡ ಬೇಕು, ನಂಬಿಕಸ್ಥ ವ್ಯಾಪಾರಿ ಯಾರು ಎಂದು ವಿಚಾರಿಸಿದರೆ ಕಾಂದಿವಲಿಯಿಂದ ಭಾಯಂದರ್ ತನಕ ಎಲ್ಲರೂ ತಮ್ಮ ಹೆಸರನ್ನೇ ಹೇಳಿದರು. ಆಗಲೇ ನಾನು ಎಚ್ಚರವಾಗಬೇಕಿತ್ತು.

ನಲವತ್ತು ವರ್ಷದಿಂದ ಈ ಊರಿನಲ್ಲಿ ಸಂತೆ ಮಾಡುತ್ತಿದ್ದೇನೆ. ತೆಂಗಿನಕಾಯಿಯವನು, ಬಾಳೆಹಣ್ಣಿನವಳು, ಸೀರೆಯ ಗಂಟು ಹೊತ್ತು ಬರುವವನು, ಎಲ್ಲರೂ ನನಗೆ ಸುಳ್ಳು ಹೇಳಿದ್ದಾರೆ, ನಾನೂ ಅವರಿಗೆ ಹೇಳಿದ್ದೇನೆ. ನಮ್ಮೊಳಗೆ ಒಳ್ಳೆಯ ಗೌರವವಿದೆ. ಅವರು ಹೇಳಿದ ಬೆಲೆಗೆ ನಾನು ನಗುತ್ತೇನೆ, ನಾನು ಕೇಳಿದ ಬೆಲೆಗೆ ಅವರು ಹಣೆ ಬಡಿದುಕೊಳ್ಳುತ್ತಾರೆ, ನಾನು ಚೀಲವನ್ನು ಹೆಗಲಿಗೇರಿಸಿ ಹೊರಡುತ್ತೇನೆ, ಏಳನೆಯ ಹೆಜ್ಜೆಗೆ ಅವರು ಕೂಗಿ ಕರೆಯುತ್ತಾರೆ. ಎಂಟನೆಯ ಹೆಜ್ಜೆಯನ್ನು ನಾನು ಇಟ್ಟದ್ದೇ ಇಲ್ಲ.

ತಾವು ಮಾಡಿದ್ದೇನು? ನಾನು ಗಿಡದಲ್ಲಿ ದೋಷ ಹುಡುಕಲು ಕನ್ನಡಕ ತೆಗೆಯುವಷ್ಟರಲ್ಲಿ ತಾವೇ, "ನೋಡ್ರಿ ಅವ್ವಾರ, ಎಡಗಡಿ ಟೊಂಗಿ ಒಣಗ್ಯಾದ. ತುದಿ ಸೊಟ್ಟ ಅದ. ಇನ್ನ ಚಿಗೀತದಂತ ನಾ ಹೇಳಂಗಿಲ್ಲ," ಎಂದಿರಿ. ಗಿರಾಕಿ ಆಡಬೇಕಾದ ಮಾತನ್ನೆಲ್ಲ ತಾವೇ ಆಡಿ ಮುಗಿಸಿದರೆ ಗಿರಾಕಿಗೆ ಉಳಿಯುವುದೇನು, ಗಿಡವನ್ನು ಹೊಗಳುವುದೇ? ಹೊಗಳಿದೆ. ತುದಿ ಅಷ್ಟೇನೂ ಸೊಟ್ಟವಿಲ್ಲ ಎಂದು, ಹುಟ್ಟಿದಾಗಿನಿಂದ ಮೊದಲ ಸಲ, ಕೊಳ್ಳುವ ವಸ್ತುವಿನ ಪರವಾಗಿ ವಾದಿಸಿದೆ. ಬೆಲೆ ಕೇಳಿದರೆ ಒಂದೇ ಬೆಲೆ ಎಂದಿರಿ. ನಾನು ಪದ್ಧತಿಯಂತೆ ಹೊರಟೆ. ಏಳು ಹೆಜ್ಜೆಯಾಯಿತು, ಹದಿನೇಳಾಯಿತು, ಬಸ್ ಸ್ಟಾಪು ಬಂದಿತು. ಅಲ್ಲಿ ನಿಂತು, ನನಗೆ ಬೇಡವಾದ ಮೂರು ಬಸ್ಸುಗಳನ್ನು ಕಳಿಸಿಕೊಟ್ಟು, ತಿರುಗಿ ಬಂದೆ. ತಾವು ಗುಲಾಬಿಗೆ ಗೊಬ್ಬರ ಹಾಕುತ್ತಿದ್ದವರು ತಲೆ ಎತ್ತಿ, ನಾನು ಎಲ್ಲಿಗೂ ಹೋಗಿಯೇ ಇರಲಿಲ್ಲ ಎಂಬಂತೆ, "ಬರ್ರಿ," ಎಂದಿರಿ. ಈ ಒಳ್ಳೆಯತನವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಒಂದನ್ನಾದರೂ ಗೆಲ್ಲಬೇಕೆಂದು ನಾನು ಷರತ್ತು ಹಾಕಿದೆ: ಜನವರಿ ಏಳಕ್ಕೆ ತಾವೇ ಬಂದು ಗಿಡವನ್ನು ವಾಪಸು ಒಯ್ದು ಅರ್ಧ ಹಣ ಕೊಡಬೇಕು. ನರ್ಸರಿಯಲ್ಲಿದ್ದ ಗಿರಾಕಿಗಳೆಲ್ಲ ಕೇಳುವಂತೆ ಮೂರು ಸಲ ಹೇಳಿಸಿದೆ. ನಮ್ಮ ನಲ್ಲಿ ರಿಪೇರಿಯವನು "ಕಲ್ ಪಕ್ಕಾ ಆತಾ ಹೂಂ," ನಾಳೆ ಖಂಡಿತ ಬರುತ್ತೇನೆ, ಎಂದು ದೀಪಾವಳಿಗೆ ಹೋದವನು ಇನ್ನೂ ಬಂದಿಲ್ಲ. ಈ ಊರಿನಲ್ಲಿ ಕೊಟ್ಟ ದಿನಾಂಕವೆಂದರೆ ಒಂದು ಶುಭ ಹಾರೈಕೆ ಮಾತ್ರ ಎಂದು ನಾನು ನಂಬಿಕೊಂಡಿದ್ದೆ.

ಹಬ್ಬವೇನೋ ಸಾಂಗವಾಯಿತು. ಲೋಬೋ ಬಾಯಿ ಗಿಡದ ಸುತ್ತ ಒಂದು ಸುತ್ತು ಬಂದು, ಎಲೆಯನ್ನು ಚಿವುಟಿ ನೋಡಿ, "ಅರೇ ಇಂದ್ರಾಬಾಯಿ, ಅಸಲೀ ಹೈ!" ಎಂದಳು. ಕಷ್ಟ ಶುರುವಾದದ್ದು ಆಮೇಲೆ. ನಕ್ಷತ್ರ, ದೀಪದ ಮಾಲೆಗಳನ್ನು ಬಿಚ್ಚಿ ಗಿಡವನ್ನು ನಮ್ಮ ಗ್ಯಾಲರಿಯಲ್ಲಿ ತುಳಸಿಯ ಪಕ್ಕದಲ್ಲಿ ಇಟ್ಟೆ. ಒಬ್ಬರಿಗೆ ನೀರು ಕೊಟ್ಟು ಪಕ್ಕದಲ್ಲಿ ನಿಂತವರನ್ನು ಹಾಗೇ ಬಿಡುವುದು ನಮ್ಮ ಮನೆತನದಲ್ಲಿ ಇಲ್ಲ; ದಿನಾ ಸ್ನಾನವಾದ ಮೇಲೆ ಅದಕ್ಕೂ ಅರ್ಧ ಚೊಂಬು ನೀರು, ಕುಂಡಕ್ಕೆ ಒಂದು ಬೊಟ್ಟು ಕುಂಕುಮ. ಸೊಸೆ ಶಿವಕುಮಾರಿ, "ಅತ್ತಿ, ಅದಕ್ಕ ದಿನಾ ನೀರ ಬ್ಯಾಡ್ರಿ, ಬೇರ ಕೊಳೀತದ. ನೀಲಕಂಠಪ್ಪನೋರು ಹೇಳ್ಯಾರಲ್ಲ," ಎಂದಳು. ತಾವು ಹೇಳಿದ್ದೀರಿ ಎಂಬ ಕಾರಣಕ್ಕೇ ಇನ್ನರ್ಧ ಚೊಂಬು ಹಾಕಿದೆ. ಜನವರಿ ಮೂರರ ಬೆಳಿಗ್ಗೆ, ತಾವು ಕೈಬಿಟ್ಟಿದ್ದ ಆ ಎಡಗಡೆಯ ಟೊಂಗೆಯ ಬುಡದಲ್ಲಿ ಹೆಸರುಕಾಳಿನಷ್ಟು ಹಸಿರು ಕಾಣಿಸಿತು. ನಾನು ಯಾರಿಗೂ ಹೇಳಲಿಲ್ಲ. ಐದನೆಯ ತಾರೀಖಿಗೆ ಅದು ಕಡಲೆಕಾಳಿನಷ್ಟಾಗಿತ್ತು.

ಏಳರಂದು ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದರೆ ತಾವು! ಒಂದೇ ಒಂದು ದಿನ ತಡಮಾಡಿದ್ದರೆ, ಮಾತಿಗೆ ತಪ್ಪಿದವರಿಗೆ ಗಿಡ ಕೊಡುವುದಿಲ್ಲ ಎಂದು ಗದರಿಸಿ ಇಟ್ಟುಕೊಳ್ಳುತ್ತಿದ್ದೆ. ಬೈಯುವ ಮಾತುಗಳನ್ನೆಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವು ಇನ್ನೂ ಹಾಗೆಯೇ ಇವೆ. ತಾವು ಅರ್ಧ ಹಣ ಎಣಿಸಿಟ್ಟು ಕುಂಡವನ್ನು ಎತ್ತಿದಿರಿ, ಚಿಗುರನ್ನು ನೋಡಿದಿರಿ, ನನ್ನನ್ನು ನೋಡಿದಿರಿ, "ಒಯ್ಯಲೇನ್ರಿ ಅವ್ವಾರ?" ಎಂದಿರಿ. ನಾಲ್ಕು ಜನರೆದುರು ಮೂರು ಸಲ ಹೇಳಿಸಿದ ಷರತ್ತನ್ನು ನಾನೇ ಮುರಿಯಲೇ? "ಒಯ್ರಿ ಒಯ್ರಿ, ಜಾಗಾ ಖಾಲಿಯಾಗ್ಲಿ," ಎಂದೆ. ಆಮೇಲೆ ಗ್ಯಾಲರಿಯಿಂದ ನೋಡಿದೆ. ಕೆಳಗೆ ಟೆಂಪೋದಲ್ಲಿ ತಾವು ಹಗ್ಗ ಕಟ್ಟಿದಿರಿ, ಬಿಚ್ಚಿದಿರಿ, ಮತ್ತೆ ಕಟ್ಟಿದಿರಿ. ನಾನು ಕರೆಯಲಿಲ್ಲ. ಕರೆಸಿಕೊಂಡು ಗೊತ್ತೇ ಹೊರತು, ಕರೆದು ನನಗೆ ಅಭ್ಯಾಸವಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆಯೇನೆಂದರೆ, ತಾವು ಇನ್ನು ಮುಂದೆ ವಾರಕ್ಕೊಂದಾದರೂ ಸುಳ್ಳು ಹೇಳುವುದನ್ನು ರೂಢಿಸಿಕೊಳ್ಳಬೇಕು, ದುಪ್ಪಟ್ಟು ಬೆಲೆ ಹೇಳಿ ನಮ್ಮಂಥ ಹಿರಿಯರ ಮರ್ಯಾದೆ ಉಳಿಸಬೇಕು, ಮತ್ತು ಕೊಟ್ಟ ದಿನಾಂಕದಂದು ಯಾರ ಮನೆಗೂ ಹೋಗಬಾರದು. ಇನ್ನು ಗಿಡದ ವಿಷಯ. ಗಿಡವು ಒಪ್ಪಂದದಂತೆ ತಮ್ಮದು, ಅದನ್ನು ನಾನು ಕೇಳುತ್ತಿಲ್ಲ, ಕೇಳುವುದೂ ಇಲ್ಲ. ಆದರೆ ಚಿಗುರು ನನ್ನ ಚೊಂಬಿನ ನೀರಿಗೆ ಹುಟ್ಟಿದ್ದು, ಅದು ಒಪ್ಪಂದದಲ್ಲಿ ಇರಲಿಲ್ಲ. ಆ ಚಿಗುರನ್ನು ಟೊಂಗೆಯಿಂದ ಕೀಳದೆ, ಟೊಂಗೆಯನ್ನು ಗಿಡದಿಂದ ಕಡಿಯದೆ, ಕೂಡಲೇ ನನಗೆ ಒಪ್ಪಿಸತಕ್ಕದ್ದು. ಹೇಗೆ ಎಂಬುದನ್ನು ತಮ್ಮ ಪ್ರಾಮಾಣಿಕತೆಗೇ ಬಿಟ್ಟಿದ್ದೇನೆ. ಗ್ಯಾಲರಿಯ ನೆಲದ ಮೇಲೆ ಕುಂಡದ ಗುರುತು ದುಂಡಗೆ ಹಾಗೇ ಇದೆ. ಶಿವಕುಮಾರಿ ಒರೆಸಲು ಬಂದಾಗ ಬೇರೆ ಕೆಲಸ ಹೇಳಿ ಕಳಿಸಿದ್ದೇನೆ.

ತಮ್ಮ ಸತ್ಯದಿಂದ ಬಹಳ ನಷ್ಟ ಅನುಭವಿಸಿಯೂ,
ತಮ್ಮ ವಿಶ್ವಾಸಿ,
ಇಂದ್ರಾಬಾಯಿ

ತಾ.ಕ.: ಮೇಲಿನದನ್ನು ಬರೆದು ಮುಗಿಸಿದ ಮೇಲೆ, ಬೇರೆ ಕೆಲಸಕ್ಕಾಗಿ, ತಮ್ಮ ನರ್ಸರಿಯ ಮುಂದಿನಿಂದ ಹಾದುಹೋಗಬೇಕಾಗಿ ಬಂದಿತು. ತಾವು ಇರಲಿಲ್ಲ. ಹಿಂದಿನ ಸಾಲಿನಲ್ಲಿ ಸೊಟ್ಟ ತುದಿಯ ಒಂದು ಗಿಡಕ್ಕೆ 'ಸೋಲ್ಡ್' ಎಂಬ ಚೀಟಿ ಕಟ್ಟಿತ್ತು. ಯಾರಿಗೆ ಎಂದು ನೀರು ಹಾಕುವ ಗಂಗುಬಾಯಿಯನ್ನು ಕೇಳಿದರೆ, "ಯಾರಿಗೂ ಇಲ್ರಿ ಬಾಯಾರ. ಯಾರರ ಕೇಳಿದ್ರ ಮಾರಾಟ ಆಗ್ಯಾದ ಅನ್ನು ಅಂತ ಮಾಲಕರು ಹೇಳ್ಯಾರ," ಎಂದಳು. ಅಂದರೆ ತಾವೂ ಸುಳ್ಳು ಹೇಳುತ್ತೀರಿ! ತಮ್ಮ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಇವತ್ತು. ಭಾನುವಾರ ಹತ್ತು ಗಂಟೆಗೆ ಕರಿಬೇವಿನ ಸಸಿ ನೋಡಲು ಬರುತ್ತೇನೆ. ತಾವು ಏನು ಬೆಲೆ ಹೇಳಿದರೂ ನಕ್ಕು ಹೊರಡುತ್ತೇನೆ. ಈಗ ಮೊಣಕಾಲು ನೋವು, ಏಳು ಹೆಜ್ಜೆ ಆಗುವುದಿಲ್ಲ. ನಾಲ್ಕಕ್ಕೇ ಕರೆಯಿರಿ.