ಯುದ್ಧದಿಂದ ಬಂದ ಮಗ ಮತ್ತು ನನ್ನ ಕಾರ್ಪೆಟ್

ಪ್ರತಿ ಗೃಹಿಣಿಯೊಳಗೂ ಒಬ್ಬ ನಟಿ ಇರುತ್ತಾಳೆಂದು ನನ್ನ ನಂಬಿಕೆ. ಇಲ್ಲದಿದ್ದರೆ ಹೇಳದೆ ಕೇಳದೆ ಬಂದ ನೆಂಟರನ್ನು ಅಷ್ಟು ನಗುನಗುತ್ತಾ ಒಳಗೆ ಕರೆಯಲು ಸಾಧ್ಯವೇ? ಹಾಗಾಗಿ ಇಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಸಿನಿಮಾ ಓದುತ್ತಿದ್ದ ಹುಬ್ಬಳ್ಳಿಯ ನಾಜಿಯಾ ಫೋನ್ ಮಾಡಿ, "ಆಂಟಿ, ನನ್ನ ಪಿಕ್ಚರ್‌ನ್ಯಾಗ ನೀವ ತಾಯಿ ಆಗ್ರಿ, ಶೂಟಿಂಗೂ ನಿಮ್ಮ ಮನ್ಯಾಗ ಮಾಡೋಣ್ರಿ" ಎಂದಾಗ, ಒಲೆಯ ಮೇಲಿನ ಒಗ್ಗರಣೆ ಸೀದು ಹೋಗುವವರೆಗೂ ನಾನು "ಹೂಂ, ಹೂಂ" ಎನ್ನುತ್ತಲೇ ಇದ್ದೆ.

ಚಿತ್ರದ ತುಂಬ ಹಾಡು, ನಗು. ಯಾವುದೋ ಹೆಸರಿಲ್ಲದ ದೇಶದಲ್ಲಿ ಅಂತರ್ಯುದ್ಧ. ಸಿಪಾಯಿಯೊಬ್ಬ ಮನೆಗೆ ಮರಳುತ್ತಾನೆ. ನೋಡಿದರೆ ಮನೆಯಲ್ಲೂ ಎರಡು ಪಕ್ಷ, ಅಡುಗೆಮನೆ ಒಂದು ಕಡೆ, ಹಾಲ್ ಇನ್ನೊಂದು ಕಡೆ. "ಇದ್ರಲ್ಲಿ ಕಲ್ಪನೆ ಏನಿದೆ? ನಮ್ಮನೇನೇ, ಹಾಡು ಮಾತ್ರ ಜಾಸ್ತಿ" ಎಂದರು ನಮ್ಮ ಯಜಮಾನರು.

ನನಗಿದ್ದದ್ದು ಒಂದೇ ದೃಶ್ಯ. ಬಾಗಿಲು ತೆರೆದು, ಮಗನನ್ನು ಅಪ್ಪಿಕೊಂಡು, ಅಳುತ್ತಾ ಹಾಡಬೇಕು. ಅದೇ ಚಿತ್ರದ ಜೀವಾಳವಂತೆ. ನಮ್ಮೂರು ಫ್ಲವರ್ ಮೌಂಡ್‌ನ ಒಂದೊಂದು ಸಿಗ್ನಲ್‌ನಲ್ಲೂ ಅತ್ತು ಅಭ್ಯಾಸ ಮಾಡಿದೆ. ಒಮ್ಮೆ ಪಕ್ಕದ ಕಾರಿನಾಕೆ ಗಾಜು ಇಳಿಸಿ ಟಿಶ್ಯೂ ಚಾಚಿದಳು. ನನ್ನ ಮೊದಲ ಪ್ರಶಸ್ತಿ ಅದೇ.

ಶೂಟಿಂಗ್ ದಿನ ಬಾಗಿಲು ತೆರೆದೆ. ಕಣ್ಣೀರು ತಾನಾಗಿಯೇ ಉಕ್ಕಿತು. ಸಿಪಾಯಿಯಾಗಿದ್ದ ಮೈಸೂರಿನ ಡೇವಿಡ್ ತೋಳು ಚಾಚಿ, ಕೆಸರು ಮೆತ್ತಿದ ಬೂಟುಗಾಲನ್ನು ನನ್ನ ಕೆನೆಬಣ್ಣದ ಕಾರ್ಪೆಟ್ ಮೇಲಿಡಲು ಎತ್ತಿದ.

"ಶೂ ಅಲ್ಲೇ ಬಿಚ್ಚಿಟ್ಟು ಬಾಪ್ಪಾ" ಎಂದುಬಿಟ್ಟೆ.

ಒಳ್ಳೆಯ ಮನೆತನದ ಹುಡುಗ. "ಸಾರಿ ಆಂಟಿ" ಎಂದವನೇ ಬಂದೂಕನ್ನು ಚಪ್ಪಲಿ ಸ್ಟ್ಯಾಂಡಿಗೆ ಒರಗಿಸಿ, ಕೂತು ಲೇಸ್ ಬಿಚ್ಚತೊಡಗಿದ. ಮತ್ತೊಮ್ಮೆ ತೆಗೆದರು. ಆಗಲೂ ನನ್ನ ಬಾಯಿಂದ ಅದೇ ಮಾತು. ಅಷ್ಟರಲ್ಲಿ ಹೊತ್ತು ಮುಳುಗಿ ಬೆಳಕು ಹೋಯಿತು. "ಇರ್ಲಿ ಬಿಡ್ರಿ ಆಂಟಿ, ಎಡಿಟಿಂಗ್‌ನ್ಯಾಗ ನೋಡ್ತೀನ್ರಿ" ಎಂದಳು ನಾಜಿಯಾ. ವಧುಪರೀಕ್ಷೆ ಮುಗಿಸಿ ಹೊರಟವರು ಹೇಳುವ "ನೋಡ್ತೀವಿ" ನನಗೆ ಗೊತ್ತಿಲ್ಲವೇ? ನನ್ನ ಪಾತ್ರಕ್ಕೆ ಕತ್ತರಿ ಬಿತ್ತೆಂದು ಒಳಗೊಳಗೇ ಕೊರಗಿದೆ.

ಆದರೂ ಪ್ರದರ್ಶನಕ್ಕೆ ರೇಷ್ಮೆ ಸೀರೆ ಉಟ್ಟೇ ಆಸ್ಟಿನ್‌ಗೆ ಹೋದೆ. ಪರದೆಯ ಮೇಲೆ ಬಾಗಿಲು ತೆರೆಯಿತು, ನಾನೇ! "ಶೂ ಬಿಚ್ಚಿಟ್ಟು ಬಾಪ್ಪಾ" ಎಂದೆ. ಕೆಳಗಿನ ಇಂಗ್ಲಿಷ್ ಸಾಲು ಓದಿದ ಅಮೆರಿಕನ್ನರೂ ಸೇರಿ ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಆಮೇಲೆ ಡೇವಿಡ್ ಬೂಟು ಕಳಚಿದ. ತೂತುಬಿದ್ದ ಕಾಲುಚೀಲದಿಂದ ಹೆಬ್ಬೆರಳು ಇಣುಕಿತು. ನಗು ಅಲ್ಲಿಗೇ ನಿಂತಿತು. ಹಿಂದೆ ಯಾರೋ ಮೂಗು ಎಳೆದುಕೊಂಡರು. ನಾಜಿಯಾ ನನ್ನ ಕೈ ಹಿಡಿದು, "ನಾ ಬರೆದದ್ದಕ್ಕಿಂತ ಇದ ಛಲೋ ಆತ್ರಿ" ಎಂದಳು.

ದಾರಿಯುದ್ದಕ್ಕೂ ಯಜಮಾನರಿಗೆ ನನ್ನ ಅಭಿನಯದ ಸೂಕ್ಷ್ಮಗಳನ್ನು ವಿವರಿಸಿದೆ. ಮನೆ ಬಂದದ್ದೇ, ಶುಗರ್ ಲ್ಯಾಂಡ್‌ನ ಅಕ್ಕನಿಗೆ ಸುದ್ದಿ ಹೇಳಲು ಕಾರ್ಪೆಟ್ ದಾಟಿ ಫೋನಿನತ್ತ ಓಡಿದೆ. ನಂಬರ್ ಒತ್ತಿ ತಿರುಗಿದರೆ, ಇವರು ಹೊಸಿಲ ಬಳಿ ಕೂತು ಶೂ ಲೇಸ್ ಬಿಚ್ಚುತ್ತಾ, ಗದ್ದದಲ್ಲೇ ನನ್ನ ಕಾಲಿನತ್ತ ತೋರಿಸಿದರು.

"ತಾಯೀ, ಚಪ್ಪಲಿ."